ಆಳಿನ ಬ್ರೇಕು

ಗಾಡಿಗೆ ಬ್ರೇಕ್ ಇರಲಿಲ್ಲ. ಬಾಲಮ್ಮ ಇದ್ದಳು.

ರಂಗಂಪೇಟೆ ದಾಟಿ ಕಾಲುವೆಯ ಗುಂಟ ಹೋದರೆ ಸಿಗುವ ಊರು. ಕಾಲುವೆಗೆ ನೀರು ಬಂದ ಮೇಲೆ ಅಲ್ಲಿಯ ಜೋಳದ ಹೊಲಗಳೆಲ್ಲ ಗದ್ದೆಯಾದವು. ಗದ್ದೆ ಗೌಡರ ಪಾಲಿಗೆ, ಕೆಸರು ಕೇರಿಯ ಪಾಲಿಗೆ ಬಂತು. ಆ ಊರಿನ ಬಸವಂತ್ರಾಯಗೌಡನದು ಒಂದು ಸಣ್ಣ ಲಾರಿ. ಅದರಲ್ಲಿ ನೆಲ್ಲು ಹೋಗುತ್ತಿತ್ತು, ಗೊಬ್ಬರ ಹೋಗುತ್ತಿತ್ತು, ಎಮ್ಮೆ ಹೋಗುತ್ತಿತ್ತು. ನಾಟಿಯ ಹಂಗಾಮಿನಲ್ಲಿ ಕೇರಿಯ ಹೆಂಗಸರು ಹೋಗುತ್ತಿದ್ದರು. ಎಮ್ಮೆಗೆ ಹುಲ್ಲು ಹಾಸುತ್ತಿದ್ದರು. ಹೆಂಗಸರಿಗೆ ಹಾಸುತ್ತಿರಲಿಲ್ಲ.

ಲಾರಿ ನಿಲ್ಲಿಸುವ ಕೆಲಸ ಬಾಲಮ್ಮನದು. ಅವಳು ಕೇರಿಯಲ್ಲೇ ದಪ್ಪ ಹೆಂಗಸು, ಅದಕ್ಕೇ ಆ ಕೆಲಸ ಅವಳಿಗೆ ಬಿತ್ತು. ಎಲ್ಲರೂ ಹತ್ತಿದ ಮೇಲೆ ಕೊನೆಗೆ ಹತ್ತಬೇಕು. ಒಂದು ದೊಡ್ಡ ಕಲ್ಲನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹಿಂದಿನ ತುದಿಯಲ್ಲಿ ಕೂಡಬೇಕು. ಡ್ರೈವರ್ ಖಾಜಾಹುಸೇನ ಗೇರು ಇಳಿಸುತ್ತ, ಇಳಿಸುತ್ತ, ಇನ್ನು ಇಳಿಸಲು ಗೇರೇ ಇಲ್ಲ ಅನ್ನುವಾಗ "ಬಾಲಮ್ಮಾ" ಎಂದು ಕೂಗುತ್ತಿದ್ದ. ಅವಳು ಓಡುವ ಗಾಡಿಯಿಂದ ಜಿಗಿದು, ಮುಂದೆ ಓಡಿ, ಗಾಲಿಗೆ ಕಲ್ಲು ಒಡ್ಡುತ್ತಿದ್ದಳು. ಲಾರಿ ಕಲ್ಲಿನ ಮೇಲೆ ಅರ್ಧ ಹತ್ತಿ, ಮುನಿದ ಕೋಣದ ಹಾಗೆ ಉಸಿರು ಬಿಟ್ಟು, ಹಿಂದಕ್ಕೆ ಜಾರಿ ಸುಮ್ಮನಾಗುತ್ತಿತ್ತು. ಬಾಲಮ್ಮನ ಹೆಬ್ಬೆರಳಿನ ಉಗುರುಗಳು ಹೋಗಿದ್ದವು. ಮೊಣಕಾಲ ಚಿಪ್ಪು ಸರಿದು ಬೇರೆ ಕಡೆ ಕೂತಿತ್ತು. ಈ ಕೆಲಸಕ್ಕೆ ಕೂಲಿ ಇರಲಿಲ್ಲ. ಕೇಳಿದರೆ ಗೌಡ ನಗುತ್ತಿದ್ದ. ಕಂಪನಿಯ ಬ್ರೇಕು ಸವೆಯುತ್ತದೆ, ಬಾಲಮ್ಮ ಸವೆಯುವುದಿಲ್ಲ, ವರ್ಷ ವರ್ಷ ಬೆಳೆಯುತ್ತಾಳೆ ಎಂದು ಹೇಳಿ ಚಹಾದಂಗಡಿಯ ಮಂದಿಯನ್ನೂ ನಗಿಸುತ್ತಿದ್ದ.

ಮರಿಲಿಂಗಮ್ಮ ನಗುತ್ತಿರಲಿಲ್ಲ. ನಾಟಿಯ ಗುಂಪಿಗೆ ಅವಳೇ ಮುಂದಾಳು. ಒಣಗಿದ ತೊಗರಿ ಕಟ್ಟಿಗೆಯಂಥ ಮೈ. ಹೊತ್ತು ಮೂಡಿದಾಗ ಬಗ್ಗಿಸಿದ ಸೊಂಟ ಹೊತ್ತು ಮುಳುಗಿದಾಗ ನೆಟ್ಟಗಾಗುತ್ತಿತ್ತು. ಕಾಲ ಬೆರಳ ಸಂದಿಗಳು ಕೊಳೆತು ಬೆಳ್ಳಗಾಗಿದ್ದವು. ಆ ನೋವು ಅವಳಿಗೆ ರೂಢಿಯಾಗಿತ್ತು. "ಬಾಲಮ್ಮಾ" ಅನ್ನುವ ಆ ಕೂಗು ಮಾತ್ರ ರೂಢಿಯಾಗಿರಲಿಲ್ಲ.

ಆ ವರ್ಷ ನಾಟಿಗೆ ಮೊದಲು ಗೌಡನ ಮನೆಯವರು ಎಲ್ಲ ಜಾತಿಯವರಿಗೂ ಬಾಗಿಲು ತೆರೆದ ಕೊಡೇಕಲ್ಲಿನ ದೇವರ ದರ್ಶನಕ್ಕೆ ಹೊರಟರು. ಗೌಡನ ಅವ್ವ, ಎಲ್ಲರ ದೊಡ್ಡವ್ವ, ಲಾರಿಯ ಮೇಲೆ ಒಂದು ಕಾಲಿಟ್ಟು, ಇದು ನಿಲ್ಲುತ್ತದೇನು ಎಂದು ಕೇಳಿದಳು. ಖಾಜಾಹುಸೇನ ಸುಳ್ಳು ಹೇಳಲಿಲ್ಲ, ಖರೆಯನ್ನೂ ಹೇಳಲಿಲ್ಲ. ಮುದುಕಿ ಕಾಲು ತೆಗೆದಳು. ಗೌಡ ಅವತ್ತೇ ಲಾರಿಯನ್ನು ಶಹಾಪುರಕ್ಕೆ ಕಳಿಸಿ ಮುಂದಿನ ಎರಡೂ ಗಾಲಿಗೆ ಹೊಸ ಡಿಸ್ಕು, ಹೊಸ ಪ್ಯಾಡು ಹಾಕಿಸಿದ. ಡಿಸ್ಕೆಂದರೆ ಗಾಲಿಯ ಜೊತೆ ತಿರುಗುವ ಕಬ್ಬಿಣದ ತಟ್ಟೆ. ಪ್ಯಾಡೆಂದರೆ ಆ ತಟ್ಟೆಯನ್ನು ಎರಡೂ ಕಡೆಯಿಂದ ಹಿಡಿದು ನಿಲ್ಲಿಸುವ ಬಿಲ್ಲೆ. ಮನೆಯವರು ಸುಖವಾಗಿ ಹೋಗಿ ಬಂದರು.

ಸುದ್ದಿ ಕೇರಿಗೂ ಬಂತು. ಬಾಲಮ್ಮ ತನ್ನ ಕಲ್ಲನ್ನು ಉರುಳಿಸಿಕೊಂಡು ಹೋಗಿ ಗಟಾರದಲ್ಲಿ ಕೆಡವಿ, ಕಾಲು ಚಾಚಿ ಕೂತು ಎಣ್ಣೆ ಹಚ್ಚಿಕೊಂಡಳು.

ನಾಟಿಯ ಮೊದಲ ದಿನ ಲಾರಿ ಮೆಲ್ಲಗೆ ಬಂದು, ಕೇರಿಯ ನೀಲಿ ಬಾವುಟದ ಕಟ್ಟೆಯ ಹತ್ತಿರ ಸಪಾಟು ನೆಲದಲ್ಲಿ ಇಂಜಿನ್ ಬಂದ್ ಆಗಿ ನಿಂತಿತು. ಖಾಜಾಹುಸೇನ ಏನೋ ಹೇಳಲು ಬಾಯಿ ತೆರೆದ. ಗೌಡನ ಗುಮಾಸ್ತೆ ಅಲ್ಲೇ ನಿಂತಿದ್ದನ್ನು ಕಂಡು ಬಾಯಿ ಮುಚ್ಚಿದ. ಬಾಲಮ್ಮ ಜನ್ಮದಲ್ಲೇ ಮೊದಲ ಸಲ ಎಲ್ಲರಿಗಿಂತ ಮುಂಚೆ ಹತ್ತಿ, ಒಳ್ಳೆಯ ಜಾಗ ಹಿಡಿದು ಕೂತಳು.

ಕಾಲುವೆಯ ಸೇತುವೆ ದಾಟಿದರೆ ಇಳಿಜಾರು. ಅಲ್ಲಿ ಖಾಜಾಹುಸೇನ "ಬಾಲಮ್ಮಾ" ಎಂದು ಕೂಗಿದ.

ಹೊಸ ಬ್ರೇಕಿನ ಗಾಡಿಯಲ್ಲಿ ತನ್ನನ್ನು ಪ್ರೀತಿಯಿಂದ ಕರೆಯುತ್ತಿದ್ದಾನೆ ಎಂದುಕೊಂಡು ಬಾಲಮ್ಮ, "ಏನೋ ತಮ್ಮಾ" ಅಂದಳು.

ಲಾರಿ ಇಳಿಜಾರು ಇಳಿದು, ತಿರುವನ್ನು ಬಿಟ್ಟು, ಗೌಡನ ತಿಪ್ಪೆಗೆ ನುಗ್ಗಿತು. ಹೆಂಗಸರು ಸಸಿಯ ಕಟ್ಟುಗಳ ಹಾಗೆ ಹಾರಿ ತಿಪ್ಪೆಯಲ್ಲಿ ನಾಟಿಯಾದರು. ಕೆಲವರು ತಲೆ ಮೇಲಾಗಿ, ಕೆಲವರು ಕಾಲು ಮೇಲಾಗಿ. ಬಾಲಮ್ಮ ಸೊಂಟದವರೆಗೆ ಹೂತಿದ್ದಳು. ಮರಿಲಿಂಗಮ್ಮನ ತುಟಿ ಸೀಳಿತ್ತು, ಕಿವಿಯಲ್ಲಿ ಸಗಣಿ ತುಂಬಿತ್ತು.

ಗೌಡ ಓಡಿ ಬಂದ. ಮೊದಲು ಲಾರಿಯ ಮೂತಿ ಸವರಿ ನೋಡಿದ. ಆಮೇಲೆ ಹೆಂಗಸರನ್ನು ನೋಡಿ, ತಿಪ್ಪೆ ಮೆತ್ತಗಿದೆ, ನಿಮಗೇನೂ ಆಗಿಲ್ಲ, ಬೇಗ ತೊಳೆದುಕೊಂಡು ಗದ್ದೆಗೆ ಇಳಿಯಿರಿ ಅಂದ. ಅವರು ಕಾಲುವೆಯ ಮೆಟ್ಟಿಲ ಕಡೆ ಹೊರಟರು. ಅಲ್ಲಿ ಬೇಡ, ಅಲ್ಲಿ ಎಮ್ಮೆಗಳು ನೀರು ಕುಡಿಯುತ್ತವೆ, ತೂಬಿನ ಕೆಳಗೆ ಹೋಗಿರಿ ಅಂದ. ಮರಿಲಿಂಗಮ್ಮನ ಕಿವಿಯಲ್ಲಿ ಸಗಣಿ ಇದ್ದರೂ ಅದು ಕೇಳಿಸಿತು.

ತೂಬಿನ ಕೆಳಗೆ ಮುಖ ತೊಳೆಯುತ್ತ ಅವಳು ಖಾಜಾಹುಸೇನನನ್ನು ಕರೆದಳು. ಹೊಸ ಬ್ರೇಕು ಎಲ್ಲಿ ಎಂದು ಕೇಳಿದಳು.

"ಬಿಚ್ಚಸ್ಯಾರ" ಅಂದ ಅವನು, ನೆಲ ನೋಡುತ್ತ. "ಕೊಡೇಕಲ್ಲದಾಗ ಗಾಡಿ ಪೂಜಿ ಆಗ್ಯದ. ಡಿಸ್ಕಿಗೆ ವಿಭೂತಿ ಹಚ್ಯಾರ. ಅದರ ಮ್ಯಾಲ ನಿಮ್ಮನ್ನ ಹೊತಗೊಂಡು ತಿರುಗಿದ್ರ ಮೈಲಿಗಿ ಅಂತ ದೊಡ್ಡವ್ವ ಅಂದ್ಳು. ಬಂದ ದಿನಾನೇ ಬಿಚ್ಚಿ ಹಳೇವು ಹಾಕಿಸಿದ್ರು."

"ಹೊಸಾವು ಎಲ್ಲದಾವ?"

"ದೇವರ ಮನ್ಯಾಗ. ಬೆಳ್ಳಿ ತಾಟಿನ ಬಾಜೂಕ. ದಿನಾ ಹೂವು ಏರಸ್ತಾರ."

ಹೆಂಗಸರು ತೊಳೆಯುವುದನ್ನು ನಿಲ್ಲಿಸಿದರು. ಊರ ಚಹಾದಂಗಡಿಯಲ್ಲಿ ಕೇರಿಯವರಿಗೆ ಬೇರೆ ಕಪ್ಪು ಇರುತ್ತಿದ್ದ ಕಾಲ ಅವರಿಗೆಲ್ಲ ನೆನಪಿತ್ತು. ಅದನ್ನು ಬಿಡಿಸಲು ಮರಿಲಿಂಗಮ್ಮನ ಅಪ್ಪ ಹಲ್ಲು ಮುರಿಸಿಕೊಂಡಿದ್ದ.

"ಕಪ್ಪು ಹೋತು" ಅಂದಳು ಮರಿಲಿಂಗಮ್ಮ. "ಈಗ ಬ್ರೇಕ್ ಬಂತು. ಮನಿಗೊಂದು, ಆಳಿಗೊಂದು."

ಬಾಲಮ್ಮ ಸೀರೆ ಹಿಂಡುತ್ತ, "ಕೊಡೇಕಲ್ಲ ದೇವರಿಗೆ ನಾವು ನಡೀತೀವಿ. ಬ್ರೇಕಿಗೆ ನಡ್ಯಂಗಿಲ್ಲೇನು?" ಎಂದು ಕೇಳಿದಳು. ಅವಳು ನಿಜಕ್ಕೂ ತಿಳಿಯದೆ ಕೇಳಿದ್ದು.

ಮರುದಿನ ಲಾರಿ ಬಂತು. ಹೆಂಗಸರು ಬುತ್ತಿ ಕಟ್ಟಿಕೊಂಡು ತಯಾರಾಗಿದ್ದರು. ಆದರೆ ಹತ್ತಲಿಲ್ಲ. ನೀಲಿ ಬಾವುಟದ ಕಟ್ಟೆಯ ಮೇಲೆ ಕೂತರು. ಖಾಜಾಹುಸೇನ ಹಾರ್ನು ಹೊಡೆದ. ಕೂತೇ ಇದ್ದರು. ಗೌಡನೇ ನಡೆದು ಬಂದ.

"ನಾವು ಹತ್ತಂಗಿಲ್ರಿ" ಅಂದಳು ಮರಿಲಿಂಗಮ್ಮ.

ಹಾಗಾದರೆ ನಡೆದು ಬನ್ನಿ ಅಂದ ಗೌಡ. ನಡೆಯುತ್ತೇವೆ, ಮಧ್ಯಾಹ್ನಕ್ಕೆ ಮುಟ್ಟುತ್ತೇವೆ, ಕೂಲಿ ಪೂರಾ ಕೊಡಬೇಕು ಅಂದಳು ಅವಳು. ಬೇರೆ ಊರಿನ ಹೆಂಗಸರನ್ನು ತರಿಸುತ್ತೇನೆ ಅಂದ. ತರಿಸಿರಿ ಅಂದಳು. ಗೌಡ ಅವರ ಎದುರೇ ಫೋನು ಹಚ್ಚಿ ಅತ್ತಿಂದಿತ್ತ ನಡೆದಾಡಿದ. ಕಾಲುವೆಗೆ ನೀರು ಬಿಟ್ಟ ವಾರ. ಸುತ್ತಿನ ಊರುಗಳ ಕೈಗಳೆಲ್ಲ ಕೆಸರಿನಲ್ಲಿದ್ದವು. ಅವನ ಒಂದೊಂದು ಫೋನೂ ಹಿಂದಿನದಕ್ಕಿಂತ ಗಿಡ್ಡವಾಯಿತು. ಕೊನೆಯದಕ್ಕೆ ಹಲೋ ಅನ್ನುವಷ್ಟೂ ಜಾಗ ಸಿಗಲಿಲ್ಲ.

ಸಸಿ ಹಳದಿಯಾಗುತ್ತಿತ್ತು. ಗೌಡನಿಗೆ ತಲೆ ಕೆಟ್ಟಿತು.

"ಬ್ರೇಕಿಗೇನಾಗ್ಯದ? ನಿಮ್ಮ ಮೈ ಸೊಕ್ಯಾವ. ನಾನ ಕುಂತು ತೋರಸ್ತೀನಿ, ನೋಡ್ರಿ" ಎಂದು ಡ್ರೈವರನ ಪಕ್ಕದಲ್ಲಿ ಹತ್ತಿ ಕೂತ. ಬೇಡ ಎಂಬ ಮಾತು ಖಾಜಾಹುಸೇನನ ಬಾಯಿಗೆ ಬಂತು. ಆದರೆ ಈ ಸಲ ಬಾಯಿ ಮುಚ್ಚುವುದು ಅವನಿಗೂ ಹಿತವಾಗಿತ್ತು. ಗಾಡಿ ಬಿಟ್ಟ. ಹೆಂಗಸರು ಹಿಂದೆ ನಡೆದರು.

ಸೇತುವೆಯ ಇಳಿಜಾರಿನಲ್ಲಿ ಖಾಜಾಹುಸೇನ ಮೊದಲು ಕೂಗಿದ. ಅವನಿಗಿಂತ ಜೋರಾಗಿ ಗೌಡ ಕೂಗಿದ. "ಬಾಲಮ್ಮಾ, ಬಾಲಮ್ಮಾ" ಎಂದು ಅವನು ತನ್ನ ಹಡೆದವ್ವನನ್ನೂ ಕರೆಯದ ಹಾಗೆ ಕರೆಯುತ್ತ ಹೋದ. ಬಾಲಮ್ಮ ಬಹಳ ಹಿಂದೆ ಇದ್ದಳು, ಬಾಯಲ್ಲಿ ಎಲೆ ಇತ್ತು. "ನೋಡ್ರೆ, ಗೌಡ್ರೂ ಕರ್ಯಾಕತ್ಯಾರ" ಅಂದಳು.

ತಿಪ್ಪೆಗೆ ಹೋಗಬಾರದೆಂದು ಖಾಜಾಹುಸೇನ ಸ್ಟೇರಿಂಗನ್ನು ಇನ್ನೊಂದು ಕಡೆ ಎಳೆದ. ಲಾರಿ ನಾಟಿಗೆ ಹದ ಮಾಡಿದ ಗದ್ದೆಗೆ ಬಿದ್ದು ಅಚ್ಚಿನವರೆಗೆ ಹೂತು ನಿಂತಿತು. ಬಾಗಿಲು ತೆರೆಯಲಿಲ್ಲ. ಗೌಡ ಕಿಟಕಿಯಿಂದ ತಲೆ ಹಾಕಿ, ಹೆಗಲು ಹಾಕಿ, ಹೊಟ್ಟೆ ಸಿಕ್ಕಿ, ಒದ್ದಾಡಿ, ಕೊನೆಗೆ ಕೆಸರಿಗೆ ಜಾರಿದ. ಧೋತರದ ಚುಂಗು ಬಾಗಿಲಿಗೆ ಸಿಕ್ಕಿತ್ತು. ಆದ್ದರಿಂದ ಅವನು ಒಂದು ಕಡೆ, ಧೋತರ ಒಂದು ಕಡೆ ಆಗದಂತೆ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡು, ಹಗ್ಗ ತನ್ನಿ, ಎಳೆಯಿರಿ ಎಂದು ಹುಕುಂ ಮಾಡಿದ.

ಹಗ್ಗ ಇತ್ತು. ಕೈಗಳೂ ಇದ್ದವು. ಕೆಸರಿನಿಂದ ಎತ್ತು, ಎಮ್ಮೆ, ಟ್ರ್ಯಾಕ್ಟರು ಏನೇ ಎಳೆಯುವುದಿದ್ದರೂ ಇವೇ ಕೈಗಳು. ಮರಿಲಿಂಗಮ್ಮ ಬದುವಿನ ಮೇಲೆ ಕೂತಳು. ಉಳಿದವರೂ ಕೂತರು.

"ಮೊದಲು ಮಾತು" ಅಂದಳು. "ಆಮ್ಯಾಲ ಹಗ್ಗ."

ಮಾತೇನೆಂದರೆ, ಈ ಗಾಡಿಗೆ ಹೊಸ ಬ್ರೇಕು ಬೇಕು, ಅದನ್ನು ಆರಿಸುವವರು ತಾವೇ, ಒಮ್ಮೆ ಹಾಕಿದ ಮೇಲೆ ಬಿಚ್ಚುವಂತಿಲ್ಲ. ಬ್ರೇಕಿನ ಬಗ್ಗೆ ನಿಮಗೇನು ಗೊತ್ತು ಎಂದು ಗೌಡ ಕೆಸರಿನಿಂದಲೇ ಹಂಗಿಸಿದ.

"ಏನೂ ಗೊತ್ತಿಲ್ರಿ. ಬಿದ್ದದ್ದು ಗೊತ್ತದ."

ಗೌಡ ಬೈದ. ಅವರ ತಾಯಂದಿರನ್ನು, ಅವರ ಕೇರಿಯನ್ನು, ಅವರಿಗೆ ಸೊಕ್ಕು ಕಲಿಸಿದವರನ್ನೆಲ್ಲ ಬೈದ. ಆ ಬೈಗುಳ ಹೊಸದಲ್ಲ, ಆದ್ದರಿಂದ ಅವರು ಎದ್ದೇಳಲಿಲ್ಲ. ಬೈಗುಳದ ನಡುವೆ ಒಂದು ಗದ್ದೆ ಏಡಿ ಅವನ ಕಾಲ ಬೆರಳು ಹಿಡಿಯಿತು. ಧೋತರ ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಬೆರಳು ಹೋಗುತ್ತದೆ. ಆಯ್ತು, ಆಯ್ತು, ನಿಮ್ಮ ಬ್ರೇಕು ನೀವೇ ಆರಿಸಿಕೊಳ್ಳಿ ಎಂದು ಕಿರುಚಿದ. ಅವನು ಒಪ್ಪಿದ್ದು ನ್ಯಾಯಕ್ಕಲ್ಲ, ಏಡಿಗೆ. ಮರಿಲಿಂಗಮ್ಮನಿಗೆ ಅದು ಗೊತ್ತಿತ್ತು. ನ್ಯಾಯ ಬರುವವರೆಗೆ ಏಡಿಯೇ ಸಾಕು ಎಂದುಕೊಂಡು ಹಗ್ಗ ಹಿಡಿದಳು.

ಲಾರಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಶಹಾಪುರಕ್ಕೆ ಎಳೆಸಿದರು. ಗೌಡನಿಗೆ ಇನ್ನು ಅದರಲ್ಲಿ ಕೂಡುವ ಧೈರ್ಯ ಇರಲಿಲ್ಲ. ಅಂಗಿ ಬದಲಿಸಿ ಹೆಂಗಸರು ಹತ್ತಿದ ಬಸ್ಸನ್ನೇ ಹತ್ತಿದ. ಹೆಂಗಸರಿಗೆ ಬಸ್ಸು ಪುಕ್ಕಟೆ. ಕಂಡಕ್ಟರ್ ಇಡೀ ಬಸ್ಸಿನಲ್ಲಿ ರೊಕ್ಕ ಕೇಳಿದ್ದು ಗೌಡನೊಬ್ಬನನ್ನೇ. ಸೀಟು ಒಂದೂ ಖಾಲಿ ಇರಲಿಲ್ಲ. ಅವನನ್ನು ಕಂಡು ರೂಢಿಯಂತೆ ಬಾಲಮ್ಮ ಅರ್ಧ ಎದ್ದಳು. ಮರಿಲಿಂಗಮ್ಮ ಅವಳ ಸೆರಗು ಹಿಡಿದು ಕೆಳಗೆ ಎಳೆದಳು. ಬಾಲಮ್ಮ ಕೂತಳು. ಗೌಡ ಹತ್ತಿಗೂಡೂರು ದಾಟುವವರೆಗೂ ಕಂಬಿ ಹಿಡಿದು ಜೋಲಾಡಿದ.

ಶಹಾಪುರದ ಫಕ್ರುದ್ದೀನನ ಬಿಡಿಭಾಗದ ಅಂಗಡಿ ಹಳೆಯದು. ಅವನ ಕಣ್ಣಿಗೆ ಸುರ್ಮಾ, ಮೂಗಿನ ತುದಿಗೆ ಕನ್ನಡಕ. ಇವರು ಹೊರಗೇ ನಿಲ್ಲಲಿ ಎಂದು ಗೌಡ ಅಂದ. ಬ್ರೇಕು ಯಾರಿಗೆ ಎಂದು ಕೇಳಿದ ಫಕ್ರುದ್ದೀನ, ಅವರಿಗೇ ಎಂದು ತಿಳಿದ ಮೇಲೆ ಎಲ್ಲರನ್ನೂ ಒಳಗೆ ಕರೆದು ಟೈರುಗಳ ಮೇಲೆ ಕೂಡಿಸಿದ. ಅಗ್ಗದ್ದು ತೋರಿಸು ಅಂದ ಗೌಡ. ಎಲ್ಲ ತೋರಿಸು ಅಂದಳು ಮರಿಲಿಂಗಮ್ಮ.

ಅಲ್ಲಿ ಸಂತೆ ಶುರುವಾಯಿತು. ಹೆಂಗಸರು ಡಿಸ್ಕುಗಳನ್ನು ಗಡಿಗೆಯ ಹಾಗೆ ಬೆರಳಿನಿಂದ ಬಾರಿಸಿದರು. ಕಿವಿಗೆ ಹಿಡಿದರು. ಒಬ್ಬಳು ಪ್ಯಾಡಿನ ವಾಸನೆ ನೋಡಿದಳು. ಇನ್ನೊಬ್ಬಳು ಕಚ್ಚಿದಳು. ಇದು ರೊಟ್ಟಿ ಅಲ್ಲಮ್ಮ ಎಂದು ಫಕ್ರುದ್ದೀನ ಅವಳ ಬಾಯಿಂದ ಬಿಡಿಸಿಕೊಂಡ. ಬಾಲಮ್ಮ ಮೂಲೆಯಲ್ಲಿದ್ದ ದೊಡ್ಡ ಲಾರಿಯ ಬ್ರೇಕ್ ಡ್ರಮ್ಮನ್ನು ಎತ್ತಿ ಎದೆಗೆ ಅವಚಿಕೊಂಡು, ಇದೇ ಇರಲಿ ಅಂದಳು. ಅದು ನಿಮ್ಮ ಗಾಡಿಗೆ ದೊಡ್ಡದಾಗುತ್ತದೆ ಅಂದ ಅವನು.

"ದೊಡ್ಡದ ತಗೊಂಡ್ರ ಮುಂದ ಬರ್ತದ" ಅಂದಳು ಬಾಲಮ್ಮ. ಮಕ್ಕಳ ಅಂಗಿಯನ್ನು ಅವಳು ಯಾವಾಗಲೂ ಹಾಗೇ ಕೊಂಡವಳು. ಡ್ರಮ್ಮು ಬಿಡಿಸಲು ಮೂವರು ಬೇಕಾದರು.

ಆಮೇಲೆ ಫಕ್ರುದ್ದೀನ ಎರಡು ಡಿಸ್ಕನ್ನು ಮರಿಲಿಂಗಮ್ಮನ ಎರಡು ಕೈಗೆ ಕೊಟ್ಟ. ನೋಡಲು ಎರಡೂ ಒಂದೇ. ಆದರೆ ಒಂದು ಹಗುರ. ಅದರ ಅಂಚಿನಲ್ಲಿ ಸಣ್ಣ ತೂತು, ಮೈಯಲ್ಲಿ ಸಿಡುಬಿನ ಕಲೆಯಂಥ ಕುಳಿ. ಕಬ್ಬಿಣ ಸರಿಯಾಗಿ ಎರಕ ಹೊಯ್ದಿಲ್ಲ, ಕಾದರೆ ಸೊಟ್ಟಗಾಗುತ್ತದೆ, ಪೆಡಲ್ ತುಳಿದರೆ ಕಾಲು ನಡುಗುತ್ತದೆ ಎಂದ. ಇನ್ನೊಂದು ಸಮನಾಗಿತ್ತು. ಎಷ್ಟು ತೆಳ್ಳಗಾದರೆ ಎಸೆಯಬೇಕೆಂದು ಅದರ ಮೈಮೇಲೆಯೇ ಕೊರೆದಿತ್ತು. ಪ್ಯಾಡನ್ನು ಉಗುರಿನಿಂದ ಕೆರೆದು ನೋಡು ಅಂದ. ಅಗ್ಗದ ಪ್ಯಾಡು ತಂಗಳು ರೊಟ್ಟಿಯ ಹಾಗೆ ಪುಡಿಪುಡಿ ಉದುರಿತು. ಹಿಂದಿನ ತಗಡಿಗೂ ಬಿಲ್ಲೆಗೂ ನಡುವೆ ಕೂದಲೆಳೆ ಸಂದು. ಒಳ್ಳೆಯದರಲ್ಲಿ ಮರಿಲಿಂಗಮ್ಮನ ಉಗುರೇ ಮುರಿಯಿತು.

"ಇದ" ಅಂದಳು ಅವಳು.

ಪ್ಯಾಡು ಮಾತ್ರ ಹಾಕು, ಡಿಸ್ಕು ಹಳೆಯದೇ ಇರಲಿ ಎಂದು ಗೌಡ ಚೌಕಾಸಿಗೆ ಇಳಿದ. ಫಕ್ರುದ್ದೀನ ಹೊರಗೆ ಹೋಗಿ ಲಾರಿಯ ಗಾಲಿ ಬಿಚ್ಚಿಸಿ ಹಳೆಯ ಡಿಸ್ಕು ತಂದು ಮುಂದಿಟ್ಟ. ಅದರ ಮೈತುಂಬ ಗೆರೆ.

"ಗೌಡ್ರ, ಇದರಾಗ ತೊಗರಿ ಬಿತ್ತಬಹುದ್ರಿ. ಬ್ರೇಕ್ ಹಿಡ್ಯಂಗಿಲ್ಲ."

ಹಾಗಾದರೆ ಈಗ ಒಂದು ಗಾಲಿಗೆ ಹಾಕು, ಇನ್ನೊಂದಕ್ಕೆ ಸುಗ್ಗಿ ಆದ ಮೇಲೆ ನೋಡೋಣ ಅಂದ ಗೌಡ. ಫಕ್ರುದ್ದೀನ ಕನ್ನಡಕ ತೆಗೆದ. ಒಂದೇ ಕಡೆ ಹೊಸದು ಹಾಕಿದರೆ ತುಳಿದಾಗಲೆಲ್ಲ ಗಾಡಿ ಆ ಕಡೆಗೇ ತಿರುಗುತ್ತದೆ, ನಿಮ್ಮ ಕಾಲುವೆ ಯಾವ ಕಡೆ ಇದೆ ಹೇಳಿ ಎಂದು ಶಾಂತವಾಗಿ ಕೇಳಿದ. ಗೌಡ ರೊಕ್ಕದ ಜೇಬಿಗೆ ಕೈ ಹಾಕಿದ.

ಅಂಗಳದಲ್ಲಿ ಖಾಜಾಹುಸೇನ ಮತ್ತು ಅಂಗಡಿಯವರು ಸೇರಿ ಹೊಸ ಡಿಸ್ಕಿನ ಎಣ್ಣೆ ತೊಳೆದು, ಎರಡೂ ಕಡೆ ಕೂಡಿಸಿ, ಹಿಂದಿನ ಬ್ರೇಕನ್ನೂ ಬಿಗಿ ಮಾಡಿದರು. ಹಳೆಯವನ್ನು ಮರಿಲಿಂಗಮ್ಮ ತನ್ನ ಕೈಯಿಂದಲೇ ಗುಜರಿ ರಾಶಿಗೆ ಎಸೆದಳು. ಗೌಡ ಖಾಜಾಹುಸೇನನ ಕಿವಿಯ ಹತ್ತಿರ ಬಗ್ಗಿ, ಮನೆಯವರು ಹೋಗುವ ದಿನ ಮಾತ್ರ ಇವನ್ನು ಬಿಚ್ಚಿ ದೇವರ ಮನೆಯವನ್ನು ಹಾಕಿದರಾಯಿತು ಎಂದು ಪಿಸುಗುಟ್ಟಿದ.

ಖಾಜಾಹುಸೇನ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟ. ವರ್ಷಗಟ್ಟಲೆ ಆ ಇಳಿಜಾರಿನಲ್ಲಿ ಕೂಗಿದ ಗಂಟಲು ಅವನದು. ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ನಾ ಇನ್ನ ಬಿಚ್ಚಂಗಿಲ್ರಿ. ದೊಡ್ಡವ್ವನೂ ಇದರ ಮ್ಯಾಲ ಹೋಗಲಿ. ಬಿಚ್ಚಲೇಬೇಕಂದ್ರ ಮೊದಲ ನನ್ನ ನೌಕ್ರಿ ಬಿಚ್ಚರಿ, ಅದನ್ನೂ ದೇವರ ಮನ್ಯಾಗ ಇಡ್ರಿ."

ಗೌಡನಿಗೆ ಬೇರೆ ಡ್ರೈವರು ಸಿಗುತ್ತಿದ್ದ. ಆದರೆ ಇವತ್ತು, ಇಲ್ಲಿ, ಸಸಿ ಹಳದಿಯಾಗುತ್ತಿರುವಾಗ ಸಿಗುತ್ತಿರಲಿಲ್ಲ. ಅವನು ಕ್ಯಾಬಿನ್ ಹತ್ತಿ ಕೂತ.

ಹೊರಡುವಾಗ ಫಕ್ರುದ್ದೀನ ಒಂದು ಮಾತು ಹೇಳಿದ. ಹೊಸ ಪ್ಯಾಡು ಹೊಸ ಡಿಸ್ಕಿಗೆ ಹೊಂದಬೇಕು. ಒಮ್ಮೆಲೇ ಜೋರಾಗಿ ತುಳಿಯಬಾರದು. ಊರು ಮುಟ್ಟುವವರೆಗೆ ಸ್ವಲ್ಪ ಓಡಿಸಬೇಕು, ಮೆಲ್ಲಗೆ ನಿಲ್ಲಿಸಬೇಕು, ಮತ್ತೆ ಓಡಿಸಬೇಕು, ಮತ್ತೆ ನಿಲ್ಲಿಸಬೇಕು. ಹೀಗೆ ಮಾಡಿದಷ್ಟೂ ಬ್ರೇಕು ಗಟ್ಟಿಯಾಗುತ್ತದೆ ಅಂದ. ಹೆಂಗಸರು ಇದನ್ನು ಬಹಳ ಲಕ್ಷ್ಯ ಕೊಟ್ಟು ಕೇಳಿದರು.

ಶಹಾಪುರ ದಾಟಿದ ಕೂಡಲೇ ಮರಿಲಿಂಗಮ್ಮ ಕ್ಯಾಬಿನ್ನಿನ ತಗಡು ಬಡಿದಳು. "ನಿಂದ್ರಸು."

ಲಾರಿ ನಿಂತಿತು. ಕಲ್ಲಿಲ್ಲ, ಕೂಗಿಲ್ಲ, ಯಾರೂ ಜಿಗಿಯಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಬಾಲಮ್ಮ ತನ್ನ ಮೊಣಕಾಲು ಮುಟ್ಟಿಕೊಂಡು ನೋಡಿದಳು. ಆಮೇಲೆ ನಗು ಶುರುವಾಯಿತು.

ಜಾಲಿ ಗಿಡ ಬಂದರೆ ನಿಂದ್ರಸು. ಮೋರಿ ಬಂದರೆ ನಿಂದ್ರಸು. ದಾರಿಯಲ್ಲಿ ಒಂದು ಕೋಳಿ ನಿಂತಿತ್ತು, ಅದು ದಾಟುವವರೆಗೆ ನಿಂದ್ರಸು. ಒಬ್ಬೊಬ್ಬರೂ ಸರದಿಯಂತೆ ತಗಡು ಬಡಿದರು. ಜೀವಮಾನದಲ್ಲಿ ಯಾರಿಗೂ ನಿಲ್ಲು ಎಂದು ಹೇಳದ ಹೆಂಗಸರು ಮೊದಲು ಮೆಲ್ಲಗೆ ಹೇಳಿದರು, ಆಮೇಲೆ ಬಾಯಿ ತುಂಬ ಹೇಳಿದರು. ಪ್ರತಿ ಸಲವೂ ಗೌಡ ಮುಂದಕ್ಕೆ ಬಾಗಿ, ಹಿಂದಕ್ಕೆ ವಾಲಿ, ಟೋಪಿ ಸರಿಮಾಡಿಕೊಂಡ. ಸಾಕು ಅಂದ. ಫಕ್ರುದ್ದೀನ್ ಸಾಬರು ಹೇಳಿದ್ದಾರೆ, ಮಾಡದಿದ್ದರೆ ಬ್ರೇಕು ಕೆಡುತ್ತದೆ ಎಂದು ಖಾಜಾಹುಸೇನ ಬಲು ವಿನಯದಿಂದ ಉತ್ತರ ಕೊಟ್ಟ.

ಕಾಲುವೆಯ ಸೇತುವೆ ಬಂತು. ಸಂಜೆಯ ಬಿಸಿಲು ನೀರಿನ ಮೇಲಿತ್ತು. ಲಾರಿ ಇಳಿಜಾರಿಗೆ ಇಳಿಯಿತು. ಹೆಂಗಸರ ನಗು ತಾನಾಗಿಯೇ ನಿಂತಿತು. ಯಾರೋ ಕಣ್ಣು ಮುಚ್ಚಿದರು. ಮರಿಲಿಂಗಮ್ಮ ಸೀಳಿದ ತುಟಿಯನ್ನು ನಾಲಿಗೆಯಿಂದ ಒರೆಸಿಕೊಂಡು, ಇಳಿಜಾರಿನ ನಟ್ಟನಡುವೆ ತಗಡು ಬಡಿದಳು.

"ನಿಂದ್ರಸು."

ನಿಂತಿತು. ಇಳಿಜಾರಿನ ಮೇಲೆ, ಮೂತಿ ಕೆಳಗೆ ಮಾಡಿ, ಅಲುಗದೆ ನಿಂತಿತು.

ಗೌಡ ಕಿಟಕಿಯಿಂದ ತಲೆ ಹೊರಗೆ ಹಾಕಿ, ಇಲ್ಲಿ ಯಾರು ಇಳಿಯಬೇಕು ಎಂದು ಕೇಳಿದ. ಯಾರೂ ಇಲ್ಲ ಅಂದಳು ಮರಿಲಿಂಗಮ್ಮ. ಮತ್ತೆ ಯಾಕೆ ನಿಲ್ಲಿಸಿದಿ ಎಂದು ಕೇಳಿದ. ಹಿಂದೆ ಒಂದು ಟ್ರ್ಯಾಕ್ಟರು ಬಂದು ಹಾರ್ನು ಹೊಡೆಯತೊಡಗಿತು.

"ಹಂಗ ಸುಮ್ನ" ಅಂದಳು.

ಸೊಂಟದ ಚೀಲ ಬಿಚ್ಚಿ ಎಲೆ ತೆಗೆದಳು. ಅದನ್ನು ತೊಡೆಯ ಮೇಲೆ ಒರೆಸಿ, ತುದಿ ಚಿವುಟಿ, ಸುಣ್ಣ ಹಚ್ಚಿದಳು. ಅಡಿಕೆ ಹುಡುಕಿದಳು.

ಗೌಡ ಕಾದ.